ಪೆನ್ಸಿಲ್ಲಿನ ಗುರುತು

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಊರಿಗೆ ಹೊಸ ಸೊಸೆ ಬಂದಳೆಂದರೆ ಅವಳ ಕೈಯ ಮದರಂಗಿ ಮಾಸುವ ಮುಂಚೆ ನಾವು ಫಾರಂ ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತೇವೆ. ನಾನು ಅಂಗನವಾಡಿ ಕಾರ್ಯಕರ್ತೆ. ಅದರ ಜತೆಗೆ ನಮ್ಮ ಬೂತಿನ ಬಿಎಲ್‌ಓ, ಅಂದರೆ ನಾಲ್ಕಾರು ಓಣಿಗಳ ಮತದಾರರ ಪಟ್ಟಿ ನೋಡಿಕೊಳ್ಳುವವಳು. ಮದುವೆಯಾಗಿ ಹೋದ ಮಗಳ ಹೆಸರು ತೆಗೆಯಬೇಕು, ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿಸಬೇಕು, ತೀರಿಕೊಂಡವರನ್ನು ಅಳಿಸಬೇಕು. ಸೇರಿಸಲು ಆರನೆಯ ನಂಬರಿನ ಫಾರಂ, ತೆಗೆಯಲು ಏಳನೆಯದು. ತುಂಬುವವಳು ನಾನೇ. ಸಹಿ ಮಾಡಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಸಣ್ಣದೊಂದು ಗುರುತು ಹಾಕಿ ಕೊಡುತ್ತಿದ್ದೆ. ಅವರು ಆ ಗುರುತಿನ ಮೇಲೆ ಸಹಿ ಮಾಡಿ, ಚಹಾ ಕೊಟ್ಟು ಕಳಿಸುತ್ತಿದ್ದರು. ಮೇಲೆ ಏನು ಬರೆದಿದೆ ಎಂದು ಯಾರೂ ಕೇಳಿದ್ದಿಲ್ಲ, ನಾನೂ ಓದಿ ಹೇಳಿದ್ದಿಲ್ಲ. ನನ್ನ ಪಟ್ಟಿ ರಾಮದುರ್ಗ ತಾಲೂಕಿನಲ್ಲಿ ಚೊಕ್ಕ ಪಟ್ಟಿ ಎಂದು ಹೆಸರಾಗಿತ್ತು. ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದರು. ಆ ಸೊಕ್ಕು ನನಗಿತ್ತು.

ಎಂಟು ವರ್ಷಗಳ ಹಿಂದೆ ನಮ್ಮ ಓಣಿಗೆ ಒಬ್ಬ ಸೊಸೆ ಬಂದಳು. ಗಂಡ ಕೊಲ್ಲಿ ದೇಶದಲ್ಲಿ ಟ್ರೇಲರ್ ಓಡಿಸುತ್ತಿದ್ದವನು, ಅವಳು ಅಲ್ಲಿಯೇ ಒಂದು ಹೊಲಿಗೆ ಕಾರ್ಖಾನೆಯಲ್ಲಿದ್ದವಳು. ಮೂಲ ಶ್ರೀಲಂಕಾ. ಅಲ್ಲೇ ನಿಕಾಹ್ ಮಾಡಿಕೊಂಡು ಇಬ್ಬರೂ ಸುರೇಬಾನದ ಹತ್ತಿರದ ನಮ್ಮೂರಿಗೆ ಬಂದರು. ಅವನು ರಾಮದುರ್ಗದಲ್ಲಿ ಶಾಲೆಯ ಬಸ್ಸು ಓಡಿಸತೊಡಗಿದ. ಓಣಿಯ ಹೆಂಗಸರು ಅವಳಿಗೆ ಸಿಲೋನ್ ಬಾಬಿ ಎಂದು ಹೆಸರಿಟ್ಟರು. ಮೊದಮೊದಲು ಅವಳು ಪಲ್ಯಕ್ಕೆಲ್ಲ ತೆಂಗಿನ ಹಾಲು ಸುರಿಯುವುದನ್ನು ನೋಡಿ ಅತ್ತೆ ಹಣೆ ಬಡಿದುಕೊಂಡಿದ್ದಳು. ವರ್ಷ ತುಂಬುವುದರೊಳಗೆ ಅದೇ ಸೊಸೆ ಕೆಂಪು ಮೆಣಸಿನಕಾಯಿಯ ರಂಜಕ ಕುಟ್ಟಿ ಓಣಿಗೆಲ್ಲ ಹಂಚಿದಳು. ನಮ್ಮವರ ರಂಜಕಕ್ಕಿಂತ ಅವಳದೇ ಖಾರವಾಗಿತ್ತು.

ಎರಡನೆಯ ವರ್ಷದ ಚಳಿಗಾಲದಲ್ಲಿ ಪಟ್ಟಿ ಪರಿಷ್ಕರಣೆ ಬಂತು. ಮೂವತ್ತು ಫಾರಂ ಹಿಡಿದು ಓಣಿ ಸುತ್ತುತ್ತಿದ್ದೆ. ಅವಳ ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಕರೆದು ಹೇಳಿದಳು: "ಅಕ್ಕೋರ, ನಮ್ಮ ಸೊಸಿ ಹೆಸರೂ ಹಚ್ಚರೆವಾ. ಎಲ್ಲಾರ ಸೊಸ್ತ್ಯಾರದೂ ಬಂತು, ನಮ್ಮಾಕೀದಷ್ಟ ಯಾಕ ಬಿಟ್ರಿ?"

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳು ಬೇರೆ ದೇಶದವಳೆಂದು ನಾಯಿ-ಬೆಕ್ಕಿಗೂ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಸೊಸೆ ಎಂದರೆ ಸೊಸೆ. ಬೈಲಹೊಂಗಲದಿಂದ ಬಂದವಳು ಬೈಲಹೊಂಗಲ ಬಿಟ್ಟು ನಮ್ಮವಳಾಗುತ್ತಾಳೆ, ಸವದತ್ತಿಯಿಂದ ಬಂದವಳು ಸವದತ್ತಿ ಬಿಟ್ಟು ನಮ್ಮವಳಾಗುತ್ತಾಳೆ. ಇವಳು ಸ್ವಲ್ಪ ದೂರದಿಂದ ಬಂದಿದ್ದಾಳೆ, ಅಷ್ಟೇ. ಗಂಡನ ಮತದಾರರ ಚೀಟಿಯ ನಂಬರು ಬರೆದೆ, ವಯಸ್ಸು ಬರೆದೆ. ಕೆಳಗೆ "ನಾನು ಭಾರತದ ಪ್ರಜೆ ಎಂದು ಘೋಷಿಸುತ್ತೇನೆ" ಎಂಬ ಸಾಲು ಅಚ್ಚಾಗಿಯೇ ಇರುತ್ತದೆ. ಅದನ್ನು ದಾಟಿ ಪೆನ್ಸಿಲ್ಲಿನ ಗುರುತು ಹಾಕಿದೆ. ಅವಳಿಗೆ ಆಗ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಗುರುತಿನ ಮೇಲೆ ತಮಿಳಿನಲ್ಲಿ ಸಹಿ ಮಾಡಿದಳು.

"ಈಗ ನೀ ಪಕ್ಕಾ ನಮ್ಮೂರಾಕಿ ಆದಿ ನೋಡು" ಎಂದೆ. ಅವಳಿಗೆ ಎಷ್ಟು ಅರ್ಥವಾಯಿತೋ, ಮುಖವಂತೂ ಅರಳಿತು.

ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಿ ಬಂದು, ಬೆರಳಿನ ಶಾಯಿಯ ಫೋಟೋ ತೆಗೆದು ತಾಯಿಗೆ ಕಳಿಸಿದ್ದಳು. ನನಗೂ ತೋರಿಸಿದಳು. ನಾನು ಹೆಮ್ಮೆಪಟ್ಟೆ.

ಮಗಳು ಹುಟ್ಟಿದಳು. ಮಗಳು ಮೂರು ವರ್ಷದವಳಾಗಿ ನಮ್ಮ ಅಂಗನವಾಡಿಗೆ ಬರತೊಡಗಿದಾಗ ತಾಯಿಯೂ ಹಿಂದಿನ ಗೋಡೆಗೆ ಒರಗಿ ಕುಳಿತು ಮಕ್ಕಳ ಜತೆ ಅಕ್ಷರ ತಿದ್ದಿದಳು. ತಾಯಂದಿರ ಸಭೆಯ ವಹಿಯಲ್ಲಿ ಅವಳ ಸಹಿ ಮೊದಲು ತಮಿಳಿನಲ್ಲಿ ಇತ್ತು, ಆಮೇಲೆ ವಕ್ರವಾದ ಕನ್ನಡ, ಆಮೇಲೆ ನನ್ನದಕ್ಕಿಂತ ಚೆಂದದ ಕನ್ನಡ. ಆದರೂ ವೀಸಾ ಮುಗಿಯುವ ಹೊತ್ತಿಗೆ ಕಡತ ಹಿಡಿದು ಬೆಳಗಾವಿಗೆ ಹೋಗಿ ಪರದೇಶದವರ ವಿಭಾಗದ ಎದುರು ಸರತಿಯಲ್ಲಿ ನಿಲ್ಲಬೇಕಿತ್ತು. ಹೋಗಿ ಬಂದ ಮೇಲೆ ಎರಡು ದಿನ ಸಪ್ಪಗಿರುತ್ತಿದ್ದಳು. "ನನ್ನ ಮಗಳ ಊರಾಗ ನಾನು ಬೀಗರ ಹಂಗ ಇರಬೇಕೇನ್ರಿ ಅಕ್ಕೋರ?" ಎಂದು ಒಮ್ಮೆ ಕೇಳಿದ್ದಳು.

ಭಾರತದವನನ್ನು ಮದುವೆಯಾಗಿ ಏಳು ವರ್ಷ ಇಲ್ಲಿಯೇ ಇದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು ಎಂದು ಗಂಡ ತಿಳಿದುಕೊಂಡು ಬಂದ. ಆನ್‌ಲೈನಿನಲ್ಲಿ ಅರ್ಜಿ ತುಂಬಿಯೂ ಬಿಟ್ಟ. ಮೂಲ ಕಾಗದಗಳನ್ನು ಹೊಂದಿಸಲು ರಾಮದುರ್ಗದ ಒಬ್ಬ ವಕೀಲರ ಬಳಿ ಹೋದರು. ಸರಕಾರಿ ಕಾಗದಪತ್ರ ಗೊತ್ತಿರುವ ಹೆಂಗಸು ಜತೆಗಿರಲಿ ಎಂದು ನನ್ನನ್ನೂ ಕರೆದರು. ಪಾಸ್‌ಪೋರ್ಟು, ವೀಸಾ, ನಿಕಾಹ್‌ನಾಮೆ, ಮಗಳ ಜನನ ಪತ್ರ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿದ್ದಳು. ಎಲ್ಲದರ ಮೇಲೆ, ಅತ್ಯಂತ ಒಳ್ಳೆಯ ಕಾಗದವೆಂದು, ಮತದಾರರ ಚೀಟಿಯನ್ನು ಇಟ್ಟಿದ್ದಳು.

ವಕೀಲರು ಅದನ್ನು ಎತ್ತಿ ನೋಡಿದರು, ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇದನ್ನ ಯಾರು ಮಾಡಿಸಿಕೊಟ್ಟಾರ?"

"ನಾನ ಮಾಡಿಸೇನ್ರಿ" ಎಂದೆ. ಧ್ವನಿಯಲ್ಲಿ ಇನ್ನೂ ಹೆಮ್ಮೆ ಇತ್ತು, ನಾಚಿಕೆಗೇಡು.

"ಅಕ್ಕಾರ, ಪರದೇಶದಾಕಿ ನಾ ಭಾರತದ ಪ್ರಜೆ ಅಂತ ಸಹಿ ಮಾಡಿದ್ರ ಅದು ಅಪರಾಧ. ವೋಟು ಬ್ಯಾರೆ ಹಾಕ್ಯಾಳ. ಸಂದರ್ಶನಕ್ಕ ಕರಿಯೂಕಿಂತ ಮೊದಲ ಪೊಲೀಸರು ಪಟ್ಟಿ ನೋಡತಾರ. ಅಷ್ಟರಾಗ ಈ ಹೆಸರು ಅಲ್ಲಿರಬಾರದು. ಹೆಂಗ ತಗೀತೀರಿ ನನಗ ಹೇಳಬ್ಯಾಡ್ರಿ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಮರುದಿನವೇ ಏಳನೆಯ ಫಾರಂ ತೆಗೆದೆ. ಹೆಸರು ತೆಗೆಯಲು ಕಾರಣ ಬರೆಯಬೇಕು. ಮರಣ, ಸ್ಥಳಾಂತರ, ಎರಡು ಕಡೆ ಹೆಸರು, ವಯಸ್ಸು ಸಾಲದು, ಭಾರತದ ಪ್ರಜೆ ಅಲ್ಲ. ಕೊನೆಯದೇ ನಿಜ. ಆದರೆ ಅದಕ್ಕೆ ಗುರುತು ಹಾಕಿದರೆ ತಹಶೀಲ್ದಾರ ಕಚೇರಿಯಿಂದ ಮೊದಲ ಪ್ರಶ್ನೆ ಬರುವುದು ನನಗೇ: ಹಾಗಾದರೆ ಸೇರಿಸಿದ್ದು ಯಾರು? ಇಪ್ಪತ್ತು ವರ್ಷದ ಕೆಲಸ, ಗಂಡನಿಲ್ಲದ ಮನೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆಲ್ಲ ನಾನು ಕಣ್ಣು ಮುಚ್ಚಿ ಹಾಕುತ್ತಿದ್ದ ಗುರುತು ಒಂದಿತ್ತಲ್ಲ, ಕೈ ತಾನಾಗಿ ಅಲ್ಲಿಗೇ ಹೋಯಿತು. ಸ್ಥಳಾಂತರ. ಕಾಗದ ಮೇಲೆ ಹೋಯಿತು, ವಾರದೊಳಗೆ ಹೆಸರು ಹೋಯಿತು. ನನ್ನ ಕಾಗದವನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ, ಅದಕ್ಕೇ ಅಲ್ಲವೇ ಚಪ್ಪಾಳೆ.

ಅವಳಿಗೆ "ತಗದೇನಿ, ಚಿಂತಿ ಬಿಡು" ಎಂದಷ್ಟೇ ಹೇಳಿದೆ. ಏನೆಂದು ಬರೆದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಸಂದರ್ಶನದ ಕರೆ ಬಂದದ್ದು ನಾಲ್ಕು ತಿಂಗಳ ಮೇಲೆ. ಅದಕ್ಕಾಗಿ ಅವಳು ತಯಾರಾದ ರೀತಿಯನ್ನು ನಾನು ಮರೆತಿಲ್ಲ. ಮಗಳ ಪಾಟಿಯ ಮೇಲೆ ಜಿಲ್ಲೆಯ ತಾಲೂಕುಗಳ ಹೆಸರು ಬರೆದುಕೊಂಡು ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದಳು. ಮಗಳು ತಪ್ಪು ಹಿಡಿಯುತ್ತಿದ್ದಳು. ರಾಷ್ಟ್ರಗೀತೆಯನ್ನು ನಮ್ಮ ಮಕ್ಕಳ ಸಾಲಿನಲ್ಲಿ ನಿಂತು ದಿನಾ ಹಾಡಿದಳು. ಒಂದು ದಿನ ಕಿತ್ತೂರಿಗೆ ಹೋಗಿ ಕೋಟೆ ನೋಡಿ ಬಂದಳು, ಕೇಳಿದರೆ ಕಣ್ಣಾರೆ ನೋಡಿದ್ದನ್ನೇ ಹೇಳಬೇಕು ಎಂದು.

ಬೆಳಗಿನ ಮೊದಲ ಬಸ್ಸಿಗೆ ರಾಮದುರ್ಗದಿಂದ ಯರಗಟ್ಟಿಯ ಮೇಲೆ ಬೆಳಗಾವಿಗೆ ಹೋದೆವು. ಅವಳು, ಗಂಡ, ಊರಿನ ಸಾಕ್ಷಿಯಾಗಿ ನಾನು. ಅಂಗನವಾಡಿ ಕಾರ್ಯಕರ್ತೆ ಎಂದು ನನ್ನ ಹೆಸರಿನ ಮುಂದೆ ಬರೆದಿತ್ತು, ಬಿಎಲ್‌ಓ ಎಂದು ಬರೆದಿರಲಿಲ್ಲ. ಮಧ್ಯಾಹ್ನದವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕೂಡಿಸಿದರು. ನಂತರ ಒಳಗೆ ಕರೆದರು. ನನ್ನನ್ನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಲು ಹೇಳಿದರು.

ಅಧಿಕಾರಿ ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. "ಕನ್ನಡ ಬರುತ್ತಾ ನಿಮಗೆ?" ಎಂದರು.

"ಬರತೈತ್ರಿ ಸಾಹೇಬ್ರ. ಓದಾಕೂ ಬರತೈತಿ, ಬರಿಯಾಕೂ ಬರತೈತಿ. ಜಗಳಾ ಮಾಡಾಕ ಮಾತ್ರ ಇನ್ನೂ ತಮಿಳ ಬೇಕ್ರಿ."

ಅವರು ನಕ್ಕರು. ಮೂಲೆಯಲ್ಲಿ ಟೈಪು ಮಾಡುತ್ತಿದ್ದವನೂ ನಕ್ಕ. ನಿಮ್ಮೂರ ಪಕ್ಕ ಯಾವ ನದಿ ಎಂದು ಕೇಳಿದರು. "ಮಲಪ್ರಭಾರಿ. ಪಕ್ಕಕ್ಕಲ್ರಿ, ನೀರು ಬಂದಾಗ ಮನಿಯೊಳಗ ಬರತಾಳ. ಕೂಸಿನ ತೊಟ್ಟಿಲಾ ಮಂಚದ ಮ್ಯಾಲಿಟ್ಟು ಕುಂತೀನ್ರಿ ನಾ" ಎಂದಳು. ಕಿತ್ತೂರಿನ ರಾಣಿಯ ಬಗ್ಗೆ ಕೇಳಿದರು, ಕೋಟೆಯ ಕಿಂಡಿಗಳಿಂದ ಹಿಡಿದು ಹೇಳಿದಳು. ರಾಷ್ಟ್ರಗೀತೆಗೆ ಎದ್ದು ನಿಂತಾಗ ಎಲ್ಲರೂ ಎದ್ದೆವು. ನನ್ನ ಕಣ್ಣು ತುಂಬಿತು. ಆಯಿತು, ದಾಟಿದಳು ಎಂದುಕೊಂಡೆ.

ಆಮೇಲೆ ಅವರು ಪೊಲೀಸ್ ವರದಿಯ ಹಾಳೆ ತಿರುವಿದರು.

"ಒಂದು ವಿಷಯ ನನಗೆ ಅರ್ಥವಾಗ್ತಿಲ್ಲ. ಮತದಾರರ ಪಟ್ಟಿಯಿಂದ ನಿಮ್ಮ ಹೆಸರು ಇತ್ತೀಚೆಗೆ ತೆಗೆದಿದ್ದಾರೆ. ಕಾರಣ, ಸ್ಥಳಾಂತರ. ಅರ್ಜಿಯಲ್ಲಿ ನೀವು ಊರು ಬಿಟ್ಟೇ ಇಲ್ಲ ಅಂತಿದೆ. ಎಲ್ಲಿಗೆ ಹೋಗಿದ್ರಿ?"

"ಎಲ್ಲೂ ಹೋಗಿಲ್ರಿ ಸಾಹೇಬ್ರ."

"ಹಾಗಾದರೆ ಯಾಕೆ ಹೀಗಿದೆ? ಅದೂ ಇರಲಿ. ಪಟ್ಟಿಯಲ್ಲಿ ನಿಮ್ಮ ಹೆಸರು ಬಂದದ್ದಾದರೂ ಹೇಗೆ?"

ಅವಳು ತಿರುಗಿ ನನ್ನ ಕಡೆ ನೋಡಿದಳು. ಒಂದು ಕ್ಷಣ ಅಷ್ಟೇ. ಅಧಿಕಾರಿಯೂ ಆ ನೋಟದ ಜಾಡು ಹಿಡಿದು ನನ್ನತ್ತ ತಿರುಗಿದರು. "ನಿಮಗೇನಾದರೂ ಗೊತ್ತಾಮ್ಮ?"

"ಗೊತ್ತಿಲ್ರಿ ಸರ್" ಎಂದೆ.

ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿದ್ದಿ ಬರೆದಿದ್ದೇನೋ. ಆದರೆ ಅಂದು ನಾನು ಹೇಳಿದ್ದು ಅದೊಂದೇ ಮಾತು. ಅವಳು ನನ್ನನ್ನು ತೋರಿಸಲಿಲ್ಲ. ತಲೆ ತಗ್ಗಿಸಿ, "ಒಂದ ಸಲ ವೋಟು ಹಾಕೇನ್ರಿ. ತಪ್ಪಂತ ಗೊತ್ತಿದ್ದಿಲ್ರಿ" ಎಂದಳು. ಟೈಪಿನವನು ಅದನ್ನೂ ಟೈಪು ಮಾಡಿದ. ಹದಿನೈದು ದಿನದೊಳಗೆ ಬರಹದಲ್ಲಿ ವಿವರಣೆ ಕೊಡಿ ಎಂದು ಕಳಿಸಿದರು.

ವಾಪಸು ಬರುವಾಗ ಯರಗಟ್ಟಿಯಲ್ಲಿ ಬಸ್ಸು ನಿಂತಾಗ ಅವಳು ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ರಂಜಕ ಹಚ್ಚಿ, ಅರ್ಧ ಮುರಿದು ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮೂರು ದಿನ ಅವರ ಮನೆಯ ಓಣಿಯನ್ನೇ ತಪ್ಪಿಸಿ ಅಡ್ಡಾಡಿದೆ. ನಾಲ್ಕನೆಯ ದಿನ ಹೋದೆ. ಅವಳು ಒಲೆಯ ಮುಂದಿದ್ದಳು. "ಬರ್ರಿ ಅಕ್ಕೋರ, ಕುಂದರ್ರಿ" ಎಂದಳು, ತಿರುಗಿ ನೋಡಲಿಲ್ಲ.

"ಏನಂತ ಬರದಿದ್ರಿ?"

"ಸ್ಥಳಾಂತರ ಅಂತ."

"ಎಲ್ಲಿಗೆ?"

"ಎಲ್ಲಿಗೆ ಅಂತ ಬರಿಯೂದಿರೂದಿಲ್ಲವಾ ಅದರಾಗ."

ಅವಳು ರೊಟ್ಟಿ ಮಗುಚಿ ಹಾಕಿದಳು. "ಏಳು ವರ್ಷ ಈ ಒಲಿ ಬಿಟ್ಟು ಎದ್ದಿಲ್ರಿ ನಾ. ನಮ್ಮವ್ವ ಸತ್ತಾಗೂ ಹೋಗಲಿಲ್ಲ, ಹೋದ್ರ ಏಳು ವರ್ಷದ ಲೆಕ್ಕ ತಪ್ಪತೈತಿ ಅಂದ್ರು ಅಂತ. ನೀವು ಕುಂತಲ್ಲೇ ನನ್ನ ಕಳಿಸಿಬಿಟ್ರಿ."

ತಾಯಿ ತೀರಿದ್ದು ನನಗೆ ಗೊತ್ತಿತ್ತು. ಹೋಗದಿದ್ದದ್ದಕ್ಕೆ ಕಾರಣ ಇದು ಎಂದು ಗೊತ್ತಿರಲಿಲ್ಲ.

ವಕೀಲರು ಎರಡು ದಾರಿ ಹೇಳಿದರು. ಆರು ತಿಂಗಳು ಸವದತ್ತಿಯಲ್ಲಿ ನಾದಿನಿಯ ಮನೆಯಲ್ಲಿ ಇದ್ದಳು ಎಂದು ಬರೆದುಕೊಡುವುದು ಒಂದು. ಊರು ಬಿಟ್ಟೇ ಇಲ್ಲ ಎಂದು ಬರೆದದ್ದು ಸುಳ್ಳಾಗಿ ಈ ಅರ್ಜಿ ಬೀಳುತ್ತದೆ, ವಿಳಾಸ ಬದಲಾದದ್ದನ್ನು ಪೊಲೀಸರಿಗೆ ತಿಳಿಸಲಿಲ್ಲ ಎಂಬ ಮಾತೂ ಬರುತ್ತದೆ, ಆದರೆ ಸುಮ್ಮನಿದ್ದು ಮತ್ತೆ ಅರ್ಜಿ ಹಾಕಬಹುದು, ನನ್ನ ಕೆಲಸವೂ ಉಳಿಯುತ್ತದೆ. ಇನ್ನೊಂದು, ಇದ್ದದ್ದನ್ನು ಇದ್ದಂತೆ ಬರೆಯುವುದು. ಆಗ ಅವಳು ಊರಲ್ಲೇ ಇದ್ದಳು ಎಂಬುದು ಗಟ್ಟಿಯಾಗುತ್ತದೆ, ಪ್ರಜೆ ಎಂದು ಸುಳ್ಳು ಸಹಿ ಮಾಡಿದಳು ಎಂಬುದೂ ಅಷ್ಟೇ ಗಟ್ಟಿಯಾಗುತ್ತದೆ. ಗಂಡ ಮೊದಲನೆಯದೇ ಇರಲಿ ಎಂದ. ನನ್ನ ಒಳಗೂ ಒಂದು ಹೇಡಿ ಅದನ್ನೇ ಅನ್ನುತ್ತಿತ್ತು.

ಅವಳು ಒಪ್ಪಲಿಲ್ಲ. "ನಾ ಇಲ್ಲೇ ಇದ್ದೆ. ಇದ್ದಿಲ್ಲಂತ ನಾನ ಹೆಂಗ ಬರೀಲಿ? ಬೇಕಾದ್ದಾಗಲಿ" ಎಂದಳು.

ಅಂದು ಅಂಗನವಾಡಿಯ ಕಪಾಟು ತೆಗೆದು ತಾಯಂದಿರ ಸಭೆಯ ವಹಿ, ಮಕ್ಕಳ ಹಾಜರಿ, ಆಹಾರ ಹಂಚಿಕೆಯ ವಹಿ ಎಲ್ಲ ಕೆಳಗಿಳಿಸಿದೆ. ನಾನು ಅವಳನ್ನು ಸ್ಥಳಾಂತರ ಮಾಡಿದ ತಿಂಗಳೂ, ಅದರ ಹಿಂದಿನ, ಮುಂದಿನ ತಿಂಗಳುಗಳೂ ಅವಳ ಸಹಿ ಇತ್ತು. ಪ್ರತಿ ಸಹಿಯ ಕೆಳಗೆ ನನ್ನ ಸಹಿ. ಅವಳು ಇಲ್ಲಿದ್ದಳು ಎಂಬುದಕ್ಕೂ, ಅದು ಗೊತ್ತಿದ್ದೇ ನಾನು ಸುಳ್ಳು ಬರೆದೆ ಎಂಬುದಕ್ಕೂ ಅದೊಂದೇ ಪುರಾವೆ. ಪುಟಗಳ ಝೆರಾಕ್ಸ್ ಮಾಡಿಸಿದೆ. ಮೂರು ಹಾಳೆ ಬರೆದೆ. ಅರ್ಜಿದಾರಳಿಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ. ಫಾರಂ ತುಂಬಿದ್ದು ನಾನು. ಘೋಷಣೆಯನ್ನು ಓದಿ ಹೇಳದೆ ಪೆನ್ಸಿಲ್ ಗುರುತು ಹಾಕಿ ಸಹಿ ಮಾಡಿಸಿದ್ದು ನಾನು. ನನ್ನ ತಪ್ಪು ಮುಚ್ಚಿಕೊಳ್ಳಲು ಸ್ಥಳಾಂತರ ಎಂದು ಬರೆದದ್ದು ನಾನು. ಸಂದರ್ಶನದ ದಿನ ಗೊತ್ತಿಲ್ಲ ಎಂದದ್ದೂ ನಾನೇ. ಬೆಳಗಾವಿಗೆ ಒಬ್ಬಳೇ ಹೋಗಿ ಟಪಾಲಿನಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಬರುವಾಗ ಎದೆ ಹಗುರಾಗಿತ್ತು. ಸತ್ಯ ಬರೆದೆನಲ್ಲ, ಇನ್ನು ಒಳ್ಳೆಯದೇ ಆಗುತ್ತದೆ ಎಂದು ಹುಚ್ಚಿಯ ಹಾಗೆ ನಂಬಿದ್ದೆ.

ಎರಡು ತಿಂಗಳ ಮೇಲೆ ಉತ್ತರ ಬಂತು. ನನ್ನ ಹೇಳಿಕೆಯಿಂದಾಗಿ ಅವಳ ಮೇಲೆ ಮೊಕದ್ದಮೆ ಹೂಡಲಿಲ್ಲ. ನನ್ನ ಹೇಳಿಕೆ ಕೊಟ್ಟ ಫಲ ಅಷ್ಟೇ. ಅರ್ಜಿ ತಿರಸ್ಕಾರವಾಯಿತು. ವೀಸಾ ಮುಂದುವರಿಸಲಾಗದು ಎಂಬ ಇನ್ನೊಂದು ಕಾಗದ ಹಿಂದೆಯೇ ಬಂತು, ದೇಶ ಬಿಡಲು ಮೂವತ್ತು ದಿನ. ವಕೀಲರು ಮೇಲಿನವರಿಗೆ ಮೇಲ್ಮನವಿ ಬರೆದರು. ಉತ್ತರ ಬರುವವರೆಗೆ ದಿನ ನಿಲ್ಲುವುದಿಲ್ಲ ಎಂದೂ ಅವರೇ ಹೇಳಿದರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಹೋದದ್ದು ನನ್ನ ಮಾನ ಮಾತ್ರ ಆಗಿದ್ದರೆ ಆನೆಯೂ ಬೇಡ, ಅಡಕೆಯೂ ಬೇಡ ಎನ್ನುತ್ತಿದ್ದೆ. ನನಗೆ ಬಿಎಲ್‌ಓ ಕೆಲಸದಿಂದ ಬಿಡುಗಡೆ, ಅಂಗನವಾಡಿಯ ಕೆಲಸದ ಮೇಲೆ ವಿಚಾರಣೆ. ಅದು ಇನ್ನೂ ನಡೆದಿದೆ.

ಮಗಳು ಇಲ್ಲಿಯ ಪ್ರಜೆ. ಅವಳಿಗೆ ಪಾಸ್‌ಪೋರ್ಟು ಇಲ್ಲ, ಮೂವತ್ತು ದಿನದಲ್ಲಿ ಆಗುವುದೂ ಇಲ್ಲ. ಅಜ್ಜಿಯ ಬಳಿ ಬಿಟ್ಟು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅಜ್ಜಿ ನನ್ನನ್ನು ಬಾವಿಯ ಕಟ್ಟೆಯ ಮೇಲೆ ಕಂಡು, "ಹಚ್ಚರೆವಾ ಅಂತ ಅಂದಾಕಿನ ನಾನು. ನನ್ನ ನಾಲಿಗಿ ಕಡೀರಿ" ಎಂದು ಅತ್ತಳು.

ಬಿಎಲ್‌ಓ ಕೆಲಸ ಬಿಡುವ ಮುಂಚೆ ನನಗೆ ಕೊನೆಯ ಒಂದು ಕಾಗದ ಬಂತು. ನಾನು ಹಾಕಿದ ಸ್ಥಳಾಂತರವನ್ನು ತಾಲೂಕು ಕಚೇರಿ ರದ್ದು ಮಾಡಿತ್ತು. ಹೆಸರು ಮತ್ತೆ ಪಟ್ಟಿಗೆ ಬಂದಿತ್ತು, ಸರಿಯಾದ ಕಾರಣಕ್ಕೆ ತೆಗೆಯುವುದಕ್ಕಾಗಿ. ಹೊಸ ಏಳನೆಯ ಫಾರಂ ತುಂಬಿ, ಸಂಬಂಧಪಟ್ಟವರ ಒಪ್ಪಿಗೆಯ ಸಹಿ ತರಬೇಕು. ತಪ್ಪು ಮಾಡಿದವರೇ ತಿದ್ದಲಿ ಎಂದು ಬರೆದಿತ್ತು. ಹಾಗೆ ಬರೆದವರ ಮೇಲೆ ನನಗೆ ಸಿಟ್ಟಿಲ್ಲ.

ಹೋದಾಗ ಅವಳು ಮಗಳ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿದ್ದಳು. ಮುಂದಿನ ವರ್ಷ ಒಂದನೆಯ ತರಗತಿಗೆ ಬೇಕಾಗುತ್ತದೆಂದು ಒಂದು ಅಳತೆ ದೊಡ್ಡದಾಗಿ, ಅದರ ಮುಂದಿನ ವರ್ಷಕ್ಕೆ ಇನ್ನೂ ದೊಡ್ಡದಾಗಿ ಹೊಲಿದಿಟ್ಟಿದ್ದಳು. ಮಡಚಿಟ್ಟ ಅಂಗಿಗಳನ್ನು ನಾನು ಎಣಿಸಲಿಲ್ಲ. ಫಾರಂ ಮುಂದಿಟ್ಟೆ.

"ಎಲ್ಲಿ ಮಾಡಬೇಕ್ರಿ ಸಹಿ?" ಎಂದು ಹಾಳೆಯ ಮೇಲೆ ಕಣ್ಣಾಡಿಸಿದಳು. ಪೆನ್ಸಿಲ್ಲಿನ ಗುರುತು ಇರಲಿಲ್ಲ. ನಾನು ಹಾಕಿರಲಿಲ್ಲ.

"ಮೊದಲ ಓದವಾ" ಎಂದೆ.

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಓದತೊಡಗಿದಳು, ಗಟ್ಟಿಯಾಗಿ, ನಮ್ಮ ಮಕ್ಕಳು ಓದುವ ಹಾಗೆ ಬೆರಳಿಟ್ಟು. ತನ್ನ ಹೆಸರು ಓದಿದಳು, ಗಂಡನ ಹೆಸರು, ಮನೆಯ ನಂಬರು, ಊರು. ಕಾರಣದ ಸಾಲಿಗೆ ಬಂದಳು. "ಭಾರತದ ಪ್ರಜೆ ಅಲ್ಲ." ಒತ್ತಕ್ಷರವನ್ನೂ ತಪ್ಪದೆ ಓದಿದಳು. ಓದಿ, ಕೆಳಗೆ ದುಂಡಗಿನ ಕನ್ನಡದಲ್ಲಿ ಸಹಿ ಮಾಡಿ, ಹಾಳೆಯನ್ನು ನನ್ನ ಕಡೆ ಸರಿಸಿದಳು.

"ಈ ಸಲ ಖರೇ ಬರದೀರಿ ನೋಡ್ರಿ, ಅಕ್ಕೋರ" ಎಂದಳು.